ರಾಕ್ಷಸ ಕುಲ ಮತ್ತು ಆಟಗಾರನ ಕತ್ತಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪ್ರತಿ ಪಾತ್ರಕ್ಕೂ ಪ್ರತಿ ಜೀವಿಗೂ ಒಂದು ನೈತಿಕ ಗುರುತು ಅಂಟಿರುತ್ತದೆ. ಇದರ ಹೆಸರು ಅಲೈನ್‌ಮೆಂಟ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಈ ಆಟದಲ್ಲಿ ನಾಲ್ಕಾರು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಡಂಜನ್ ಮಾಸ್ಟರ್ ಆದವರು ಎದುರಿನ ಲೋಕವನ್ನು ವರ್ಣಿಸುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹೊಡೆದದ್ದು ಸರಿಯೋ ತಪ್ಪೋ ಎಂಬುದನ್ನು ದಾಳ ಹೇಳಲಾರದು. ಆ ಕೆಲಸ ಬಹುಕಾಲ ಅಲೈನ್‌ಮೆಂಟ್‌ನ ಪಾಲಿಗೆ ಬಂದಿತ್ತು, ಅದನ್ನು ಮಾಡುವ ಯೋಗ್ಯತೆ ಅದಕ್ಕೆ ಇರಲಿಲ್ಲ.

ಹುಟ್ಟಿದಾಗ ಅದು ಸೈನ್ಯಗಳನ್ನು ವಿಂಗಡಿಸುವ ಉಪಾಯವಷ್ಟೇ ಆಗಿತ್ತು. 1971ರ ಚೈನ್‌ಮೇಲ್ ಎಂಬ ಯುದ್ಧದಾಟದಲ್ಲಿ ಕಾಲ್ಪನಿಕ ಪಡೆಗಳು ವ್ಯವಸ್ಥೆಯ ಪಕ್ಷ, ಅವ್ಯವಸ್ಥೆಯ ಪಕ್ಷ, ತಟಸ್ಥ ಎಂದು ಮೂರಾಗಿದ್ದವು. ಈ ಕಲ್ಪನೆ ಬಂದದ್ದು ಪೌಲ್ ಆಂಡರ್ಸನ್ ಮತ್ತು ಮೈಕೆಲ್ ಮೂರ್‌ಕಾಕ್ ಬರೆದ ಕಥೆಗಳಿಂದ. ಮೂರ್‌ಕಾಕ್‌ನಲ್ಲಿ ವ್ಯವಸ್ಥೆ ಎಂದರೆ ಒಳಿತು ಎಂದೇನೂ ಅಲ್ಲ. ಅತಿಯಾದ ವ್ಯವಸ್ಥೆಯೂ ಬದುಕನ್ನು ಜಡವಾಗಿಸುತ್ತದೆ. 1974ರ ಪಟ್ಟಿಯಲ್ಲಿ ಮನುಷ್ಯರು ಮೂರೂ ಪಕ್ಷಗಳಲ್ಲಿದ್ದರು. ಆರ್ಕ್ ಎಂಬ ಕಾಲ್ಪನಿಕ ಜೀವಿಗಳು ಕೂಡ ತಟಸ್ಥ ಮತ್ತು ಅವ್ಯವಸ್ಥೆ ಎರಡರಲ್ಲೂ ಕಾಣಿಸಿಕೊಂಡಿದ್ದವು. ಯಾರು ಯಾರ ಕಡೆ ನಿಂತಿದ್ದಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು.

1976ರ ಒಂದು ಲೇಖನದಲ್ಲಿ ಗೈಗ್ಯಾಕ್ಸ್ ಇದಕ್ಕೆ ಒಳಿತು–ಕೆಡುಕು ಎಂಬ ಎರಡನೆಯ ಅಕ್ಷವನ್ನು ಸೇರಿಸಿದ. ಅದರ ಬೆನ್ನಿಗೇ ಬಂದ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಎರಡು ಅಕ್ಷಗಳು ಹೆಣೆದುಕೊಂಡು ಒಂಬತ್ತು ಮನೆಗಳಾದವು: ಒಂದು ತುದಿಯಲ್ಲಿ ಲಾಫುಲ್ ಗುಡ್ (ವ್ಯವಸ್ಥೆಯ ಒಳಿತು), ಇನ್ನೊಂದರಲ್ಲಿ ಕೇಯಾಟಿಕ್ ಈವಿಲ್ (ಅವ್ಯವಸ್ಥೆಯ ಕೆಡುಕು). ಒಬ್ಬ ವ್ಯಕ್ತಿಯ ನಡತೆಯನ್ನು ಚುಟುಕಾಗಿ ಹೇಳಲು ಈ ಚೌಕಟ್ಟು ನಿಜವಾಗಿಯೂ ಉಪಯುಕ್ತ. ನಿಯಮ ಪಾಲಿಸುವ ಕ್ರೂರಿಗೂ ನಿಯಮ ಮುರಿಯುವ ದಯಾಳುವಿಗೂ ಇರುವ ಅಂತರ ಅದರಲ್ಲಿ ಥಟ್ಟನೆ ಕಾಣುತ್ತದೆ. ತೊಂದರೆ ಶುರುವಾದದ್ದು ಮಾನ್‌ಸ್ಟರ್ ಮ್ಯಾನ್ಯುಯಲ್ ಎಂಬ 1977ರ ಜೀವಿಗಳ ಕೈಪಿಡಿಯಲ್ಲಿ. ವ್ಯಕ್ತಿಯ ನಡತೆಗೆ ಹೊಂದುತ್ತಿದ್ದ ಗುರುತನ್ನು ಅಲ್ಲಿ ಇಡೀ ಜಾತಿಗಳ ಹೆಸರಿನ ಮುಂದೆ ಅಚ್ಚು ಹಾಕಲಾಯಿತು. ಈಗ ಆರ್ಕ್ ಲಾಫುಲ್ ಈವಿಲ್ ಆಯಿತು.

ಅದೇ ಪುಸ್ತಕದಲ್ಲಿ ರಾಕ್ಷಸನೂ ಇದ್ದಾನೆ. ಹುಲಿಯ ತಲೆ, ನಂಬಿದವರ ರೂಪ ತಾಳಿ ವಂಚಿಸುವ ಮಾಯೆ, ಹೆಸರಿನ ಮುಂದೆ ಲಾಫುಲ್ ಈವಿಲ್. ಈ ರೂಪ ಅವನಿಗೆ ಬಂದದ್ದು ಪುರಾಣಗಳಿಂದ ನೇರವಾಗಿ ಅಲ್ಲ. 1974ರ ಒಂದು ಅಮೆರಿಕನ್ ಟೆಲಿವಿಷನ್ ಕಂತಿನ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ದಾರಿಯಲ್ಲಿ ಕಳೆದುಹೋದದ್ದು ಮಾತ್ರ ಬಹಳ ದೊಡ್ಡದು. ರಾಮಾಯಣದಲ್ಲಿ ರಾವಣನ ಒಡಹುಟ್ಟಿದ ವಿಭೀಷಣನೂ ರಾಕ್ಷಸನೇ, ಧರ್ಮವನ್ನು ಆರಿಸಿಕೊಂಡವನು. ಪ್ರಹ್ಲಾದ ಹಿರಣ್ಯಕಶಿಪುವಿನ ಮಗ. ನಾಗಚಂದ್ರನ ರಾಮಚಂದ್ರಚರಿತ ಪುರಾಣ ಅನುಸರಿಸುವ ಜೈನ ಪರಂಪರೆಯಲ್ಲಂತೂ ರಾಕ್ಷಸ ಎನ್ನುವುದು ವಿದ್ಯಾಧರರ ಒಂದು ಕುಲದ ಹೆಸರು; ರಾವಣ ಒಂದು ಚಪಲಕ್ಕೆ ಸಿಕ್ಕಿ ಕೆಡುವ ದೊಡ್ಡ ಮನುಷ್ಯ. ಕುಲವೇ ತೀರ್ಪಾಗಿದ್ದರೆ ಈ ಕಥೆಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ.

ಗುರುತು ತೀರ್ಪಾದಾಗ ಏನಾಗುತ್ತದೆ ಎಂಬುದನ್ನು ಗೈಗ್ಯಾಕ್ಸ್ ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಪ್ರಸಿದ್ಧ ಸಾಹಸದಲ್ಲಿ ನೋಡಬಹುದು. ಗಡಿಯ ಕೋಟೆಯಿಂದ ಹೊರಟ ವೀರರು ಆರ್ಕ್ ಮೊದಲಾದ ಜೀವಿಗಳು ವಾಸಿಸುವ ಗುಹೆಗಳಿಗೆ ನುಗ್ಗುತ್ತಾರೆ. ಗುಹೆಗಳಲ್ಲಿ ಹೋರಾಡದ ಹೆಂಗಸರು ಮಕ್ಕಳೂ ಇದ್ದಾರೆಂದು ಪುಸ್ತಕ ಎಣಿಸಿ ಹೇಳುತ್ತದೆ. ಅವರನ್ನು ಏನು ಮಾಡಬೇಕೆಂದು ಹೇಳುವುದಿಲ್ಲ. ಒಳಿತಿನ ಯೋಧನಾದ ಪ್ಯಾಲಡಿನ್ ಆರ್ಕ್ ಕೂಸುಗಳನ್ನು ಕೊಲ್ಲಬಹುದೇ ಎಂಬ ಜಗಳ ಆಟಗಾರರ ನಡುವೆ ದಶಕಗಳಿಂದ ನಡೆದಿದೆ. ಕೊನೆಯ ವರ್ಷಗಳಲ್ಲಿ ಗೈಗ್ಯಾಕ್ಸ್ ಈ ವಿಷಯ ಚರ್ಚಿಸುವಾಗ ಕರ್ನಲ್ ಜಾನ್ ಚಿವಿಂಗ್ಟನ್ ಹೆಸರಿಗೆ ಅಂಟಿರುವ ಮಾತನ್ನು ಎತ್ತಿಕೊಂಡ: ಸೀರು ಬೆಳೆದರೆ ಹೇನೇ ಆಗುತ್ತದೆ ಎಂಬ ಅರ್ಥದ ಮಾತು ಅದು. 1864ರಲ್ಲಿ ಕೊಲರಾಡೋದ ಸ್ಯಾಂಡ್ ಕ್ರೀಕ್‌ನಲ್ಲಿ ಶೈಯೆನ್ ಮತ್ತು ಅರಾಪಹೋ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕಗ್ಗೊಲೆ ಮಾಡಿದ ಪಡೆಯ ನಾಯಕ ಈ ಚಿವಿಂಗ್ಟನ್. ಕಾಲ್ಪನಿಕ ಕೂಸಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಿಜವಾದ ಹತ್ಯಾಕಾಂಡದ ಸಮರ್ಥನೆಗೆ ತಲುಪುವಷ್ಟು ದಾರಿ ಹತ್ತಿರವಿದೆ ಎಂಬುದು ಗಂಭೀರವಾದ ಸಂಗತಿ.

ಇಷ್ಟಕ್ಕೂ ಇದು ಕಾಗದದ ಆಟ, ಇಲ್ಲಿ ಯಾರೂ ಸಾಯುವುದಿಲ್ಲ ಎಂಬ ಆಕ್ಷೇಪವಿದೆ. ಅದು ನಿಜ. 1980ರ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಈ ಆಟ ಹುಡುಗರನ್ನು ಸೈತಾನನ ಪೂಜೆಗೆ, ಆತ್ಮಹತ್ಯೆಗೆ ದೂಡುತ್ತದೆಂದು ಗುಲ್ಲೆಬ್ಬಿಸಿದವು, ಆರೋಪ ನಿಲ್ಲಲಿಲ್ಲ. ಅವರು ಪುಟಗಳಲ್ಲಿದ್ದ ಭೂತಗಳ ಚಿತ್ರಗಳನ್ನು ಕಂಡು ಹೆದರಿದರು, ಒಳಗಿದ್ದ ತರ್ಕವನ್ನು ನೋಡಲಿಲ್ಲ. ಕಾದಂಬರಿಯ ಓದುಗ ಕೊಲೆಯನ್ನು ನೋಡುತ್ತಾನೆ. ರೋಲ್‌ಪ್ಲೇಯಿಂಗ್ ಆಟಗಾರ ಅದನ್ನು ಆಯ್ದುಕೊಳ್ಳುತ್ತಾನೆ, ಜೊತೆಯವರೆದುರು ಕಾರಣ ಕೊಡುತ್ತಾನೆ. ಆಟದಲ್ಲಿ ರೂಢಿಯಾಗುವುದು ಹಿಂಸೆಗಿಂತ ಹೆಚ್ಚಾಗಿ ಹಿಂಸೆಗೆ ಕಾರಣ ಕೊಡುವ ಬಗೆ. ಆದ್ದರಿಂದ ಆ ಕಾರಣ ಗಟ್ಟಿಯೇ ಎಂದು ಕೇಳಲೇಬೇಕಾಗುತ್ತದೆ.

ಅದು ಗಟ್ಟಿಯಲ್ಲ. ಹುಟ್ಟಿನಿಂದಲೇ ಕೆಡುಕಾದ ಜೀವಿಯಿದೆ ಎಂದುಕೊಳ್ಳೋಣ. ಬೇರೆ ರೀತಿ ನಡೆಯುವ ಶಕ್ತಿ ಅದಕ್ಕೆ ಇಲ್ಲವಾದರೆ ಅದರ ಮೇಲೆ ಅಪರಾಧ ಹೊರಿಸಲಾಗದು. ಆಗ ಅದು ನರಭಕ್ಷಕ ಹುಲಿಯಷ್ಟೇ ಅಪಾಯಕಾರಿ. ಅದನ್ನು ತಡೆಯಬಹುದು, ಅಗತ್ಯ ಬಿದ್ದರೆ ಕೊಲ್ಲಲೂಬಹುದು, ಆದರೆ ಶಿಕ್ಷಿಸಿದೆ ಎಂದು ಬೀಗುವಂತಿಲ್ಲ. ಬೇರೆ ರೀತಿ ನಡೆಯುವ ಶಕ್ತಿ ಇದ್ದರೆ ಅದು ನೈತಿಕ ಜೀವಿ. ಅದನ್ನು ಅಳೆಯಬೇಕಾದದ್ದು ಅದು ಮಾಡಿದ ಕೃತ್ಯದಿಂದ. ಎರಡೂ ದಾರಿಗಳಲ್ಲಿ ‘ಕೆಡುಕಿನ ಜಾತಿ’ ಎಂಬ ಗುರುತು ಕತ್ತಿಗೆ ಪರವಾನಗಿ ಕೊಡುವುದಿಲ್ಲ. ಕೆಡುಕಿಗೆ ತನ್ನದೇ ಸತ್ವವಿಲ್ಲ, ಅದು ಒಳಿತಿನ ಕೊರತೆ ಮಾತ್ರ ಎಂದ ಸಂತ ಅಗಸ್ಟೀನನ ಚಿಂತನೆಯಲ್ಲೂ ಸ್ವಭಾವತಃ ದುಷ್ಟವಾದ ಜೀವಕ್ಕೆ ಜಾಗವಿಲ್ಲ. ಆರ್ಕ್‌ಗಳಿಗೆ ಈಗಿನ ರೂಪ ಕೊಟ್ಟ ಟೋಲ್ಕಿನ್ ಶ್ರದ್ಧಾವಂತ ಕ್ಯಾಥೊಲಿಕ್. ಅವುಗಳ ಮೂಲದ ಪ್ರಶ್ನೆ ಅವನನ್ನು ಕೊನೆಯವರೆಗೂ ಕಾಡಿತು, ಒಂದು ನೆಲೆಗೆ ನಿಲ್ಲಲಿಲ್ಲ.

ಮಾನ್‌ಸ್ಟರ್ ಮ್ಯಾನ್ಯುಯಲ್ ಬಂದ 1977ರಲ್ಲೇ ಮೈಕೆಲ್ ವಾಲ್ಜರ್ ಬರೆದ ‘ಜಸ್ಟ್ ಅಂಡ್ ಅನ್‌ಜಸ್ಟ್ ವಾರ್ಸ್’ ಕೂಡ ಪ್ರಕಟವಾಯಿತು. ಅಲ್ಲಿನ ವಾದದಂತೆ ಯುದ್ಧಕ್ಕೆ ನ್ಯಾಯವಾದ ಕಾರಣ ಇದ್ದರೂ ಯುದ್ಧದೊಳಗಿನ ನಡತೆಯನ್ನು ಬೇರೆಯಾಗಿಯೇ ತೂಗಬೇಕು. ಆಯುಧ ಕೆಳಗಿಟ್ಟವನು, ಕಾಳಗದಲ್ಲೇ ಇಲ್ಲದವನು ಗುರಿಯಾಗಬಾರದು. ಇದನ್ನು ಗುಹೆಗೆ ಅನ್ವಯಿಸಿದರೆ ಕೇಳಬೇಕಾದ ಪ್ರಶ್ನೆಗಳು ಸರಳ: ಈ ಆರ್ಕ್ ಯಾರ ಮೇಲೆ ದಾಳಿ ಮಾಡಿದೆ, ಈಗ ಬೆದರಿಕೆಯಾಗಿದೆಯೇ, ಶರಣಾಗಲು ಅವಕಾಶ ಸಿಕ್ಕಿತೇ, ಗುಹೆ ಯಾರ ಮನೆ?

ಆಟದ ನಿಜವಾದ ನೀತಿ ಗುರುತಿಗಿಂತಲೂ ಬಹುಮಾನದಲ್ಲಿ ಅಡಗಿರುತ್ತದೆ. ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ತಂದ ಒಂದು ಚಿನ್ನದ ನಾಣ್ಯಕ್ಕೆ ಪಾತ್ರದ ಬಲ ಹೆಚ್ಚಿಸುವ ಒಂದು ಎಕ್ಸ್‌ಪೀರಿಯನ್ಸ್ ಪಾಯಿಂಟ್ ಸಿಗುತ್ತಿತ್ತು. ಜಾಣ ಆಟಗಾರ ಕಾದಾಟ ತಪ್ಪಿಸಿ ನಿಧಿ ಎತ್ತುತ್ತಿದ್ದ. 1989ರ ಎರಡನೆಯ ಆವೃತ್ತಿ ಇದನ್ನು ಐಚ್ಛಿಕಗೊಳಿಸಿದ ಮೇಲೆ ಕೊಲ್ಲುವುದರ ತೂಕ ಹೆಚ್ಚಿತು. ಕಂಪ್ಯೂಟರ್ ಆಟಗಳಲ್ಲಿ ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ರಿಚರ್ಡ್ ಗ್ಯಾರಿಯಟ್‌ನ ಅಲ್ಟಿಮಾ 4, 1985ರಲ್ಲಿ, ಗೆಲ್ಲಬೇಕಾದ ದುಷ್ಟನನ್ನೇ ತೆಗೆದುಹಾಕಿ ಎಂಟು ಸದ್ಗುಣಗಳನ್ನು ಗುರಿಯಾಗಿಟ್ಟಿತು. ದುಷ್ಟವಲ್ಲದ ಪ್ರಾಣಿ ಓಡಿಹೋಗುವಾಗ ಬಿಟ್ಟರೆ ಕರುಣೆ ಹೆಚ್ಚುತ್ತದೆ. 2015ರಲ್ಲಿ ಬಂದ ಟೋಬಿ ಫಾಕ್ಸ್‌ನ ಅಂಡರ್‌ಟೇಲ್‌ನಲ್ಲಿ ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ಕೊಂದು ಗಳಿಸಿದ ಅಂಕಗಳು ಏನನ್ನು ಅಳೆಯುತ್ತಿದ್ದವು ಎಂಬುದನ್ನು ಅದು ಕೊನೆಯಲ್ಲಿ ಬಯಲು ಮಾಡುತ್ತದೆ.

ಮೇಜಿನ ಆಟವೂ ನಿಧಾನವಾಗಿ ಬದಲಾಯಿತು. 2000ದ ಮೂರನೆಯ ಆವೃತ್ತಿಯಲ್ಲಿ ಜಾತಿಗಳ ಗುರುತಿಗೆ ‘ಸಾಮಾನ್ಯವಾಗಿ’, ‘ಆಗಾಗ’ ಎಂಬ ವಿಶೇಷಣಗಳು ಸೇರಿದವು. ಆರ್ಕ್ ಅಲ್ಲಿ ಕೇಯಾಟಿಕ್ ಈವಿಲ್ ಆಯಿತು. ಒಂದೇ ಜಾತಿಯ ‘ಸ್ವಭಾವ’ ಪುಸ್ತಕದಿಂದ ಪುಸ್ತಕಕ್ಕೆ ಹೀಗೆ ಮನೆ ಬದಲಿಸಿದೆ. 2014ರ ಐದನೆಯ ಆವೃತ್ತಿಯಲ್ಲಿ ಪ್ಯಾಲಡಿನ್‌ನನ್ನು ಕಟ್ಟಿಹಾಕುವುದು ಅವನು ತೊಟ್ಟ ಪ್ರತಿಜ್ಞೆ, ಅಲೈನ್‌ಮೆಂಟ್ ಅಲ್ಲ. 2020ರಲ್ಲಿ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್, ಆರ್ಕ್‌ಗಳನ್ನು ಮತ್ತು ಡ್ರೌ ಎಂಬ ಇನ್ನೊಂದು ‘ಕೆಡುಕಿನ’ ಕುಲದ ಜನರನ್ನು ಉಳಿದವರಷ್ಟೇ ಸಂಕೀರ್ಣರಾಗಿ ಚಿತ್ರಿಸುವುದಾಗಿ ಪ್ರಕಟಿಸಿದರು. ಪ್ರತಿಸ್ಪರ್ಧಿ ಆಟವಾದ ಪಾತ್‌ಫೈಂಡರ್ 2023ರ ಪರಿಷ್ಕರಣೆಯಲ್ಲಿ ಅಲೈನ್‌ಮೆಂಟನ್ನೇ ಕೈಬಿಟ್ಟಿತು.

ಇವುಗಳಿಗಿಂತ ಸಣ್ಣದಾಗಿ ಕಾಣುವ ಇನ್ನೊಂದು ತಿದ್ದುಪಡಿ ಹೆಚ್ಚು ತೂಕದ್ದು. ಮೂರನೆಯ ಆವೃತ್ತಿಯಲ್ಲಿ ಎದುರಾಳಿಯನ್ನು ಕೊಲ್ಲದೆ ಕತ್ತಿಯಿಂದ ಬೀಳಿಸಬೇಕಾದರೆ ದಾಳದ ಅಂಕದಲ್ಲಿ ನಾಲ್ಕು ಕಳೆಯಬೇಕಿತ್ತು. ದಯೆಗೆ ದಂಡ ಕಟ್ಟಬೇಕಿತ್ತು. ಐದನೆಯ ಆವೃತ್ತಿಯಲ್ಲಿ ಕೈಯಾರೆ ಹೊಡೆದ ಕೊನೆಯ ಏಟು ಕೊಲ್ಲಬೇಕೋ ಮೂರ್ಛೆಗೊಳಿಸಬೇಕೋ ಎಂಬುದನ್ನು ಆಟಗಾರನೇ ಹೇಳುತ್ತಾನೆ, ಯಾವ ನಷ್ಟವೂ ಇಲ್ಲ. ಮೂರ್ಛೆ ತಿಳಿದೆದ್ದ ಸೆರೆಯಾಳನ್ನು ಎಲ್ಲಿಗೆ ಒಯ್ಯಬೇಕು, ಅವನನ್ನು ಯಾರು ವಿಚಾರಣೆ ಮಾಡಬೇಕು ಎಂಬುದು ಮಾತ್ರ ಮೇಜಿನ ಸುತ್ತ ಕೂತವರು ತಮ್ಮತಮ್ಮಲ್ಲೇ ಮಾತಾಡಿ ತೀರ್ಮಾನಿಸಬೇಕಾದ ವಿಷಯವಾಗಿ ಉಳಿದಿದೆ.