ಎಬ್ಬಿಸದೆ ಹೋದವರು

ನಮ್ಮ ಸಾಗರ, ಶಿರಸಿ ಕಡೆ ‘ಆರಾಮಿಲ್ಲ’ ಎಂದರೆ ಕಾಯಿಲೆ ಎಂದೇ ಅರ್ಥ. ‘ಅವಳಿಗೆ ಆರಾಮಿಲ್ಲವಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ’ ಎನ್ನುತ್ತೇವೆ. ವಾಸಿಯಾಗಿ ಮನೆಗೆ ಬಂದರೆ ‘ಈಗ ಆರಾಮಾಯಿತು’ ಎನ್ನುತ್ತೇವೆ. ರೋಗ ಹೋಗುವುದು ಬೇರೆ, ಆರಾಮಾಗುವುದು ಬೇರೆ ಎಂಬುದು ನಮ್ಮ ಮಾತಿಗೆ ಗೊತ್ತೇ ಇಲ್ಲ. ಆಸ್ಪತ್ರೆಗೆ ಮಾತ್ರ ಇವೆರಡೂ ಬೇರೆ ಬೇರೆ. ಅಲ್ಲಿ ರೋಗಕ್ಕೆ ಡಾಕ್ಟರಿದ್ದಾರೆ, ಫೈಲಿದೆ, ಬಿಲ್ಲಿದೆ. ಆರಾಮಕ್ಕೆ ಯಾರಿದ್ದಾರೆ? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕಿದ್ದು 2013ರ ಮಳೆಗಾಲದಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅತ್ತಿಗೆಯ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದಾಗ. ಮಲಗಿದ್ದೆ ಎಂದೆ, ನಿದ್ದೆ ಮಾಡಿದೆ ಎನ್ನಲಿಲ್ಲ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ. ಆಗ ಅವರಿಗೆ 52 ವರ್ಷ. ಎಡಗಡೆಯ ಎದೆಯಲ್ಲಿ ಒಂದು ಗಂಟು. ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದನ್ನು ಅಡಿಕೆ ಕೊಯ್ಲು ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಐದು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ನಾವು ಹೆಂಗಸರು ಹೀಗೆಯೇ, ಮೊಸರಿಗೆ ಹೆಪ್ಪು ಹಾಕುವುದನ್ನು ಮರೆಯುವುದಿಲ್ಲ, ಇಂಥದ್ದನ್ನು ಮಾತ್ರ ಮುಂದೆ ಹಾಕುತ್ತೇವೆ. ಪರೀಕ್ಷೆಯ ವರದಿ ಬಂದ ದಿನ ಅಣ್ಣ ನಮ್ಮೆಲ್ಲರನ್ನೂ ಜಗುಲಿಗೆ ಕರೆದು, ‘ಆ ಶಬ್ದ ಅವಳ ಮುಂದೆ ಯಾರೂ ಎತ್ತಬಾರದು. ಗಂಟು ತೆಗೆಸುತ್ತೇವೆ, ಅಷ್ಟೇ’ ಎಂದು ಕಟ್ಟಪ್ಪಣೆ ಮಾಡಿದ. ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸ್ತನವನ್ನು ಪೂರ್ತಿ ತೆಗೆದು, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಗಾಯದ ಒಳಗಿನಿಂದ ಎರಡು ನಳಿಕೆ ಹೊರಗೆ ಬಂದು, ಅದರ ತುದಿಗೆ ಕೆಂಪು ನೀರು ತುಂಬುವ ಡಬ್ಬಿಗಳು. ಮೊದಲ ರಾತ್ರಿ ಆಗಾಗ ಬಂದು ಬಿ.ಪಿ. ನೋಡಿದರು, ಜ್ವರ ನೋಡಿದರು. ಮಾತಾಡಿಸಿ ಎಚ್ಚರ ಮಾಡಿ ಕಣ್ಣು ಬಿಡಿಸಿದರು. ಅದಕ್ಕೆ ಯಾರ ತಕರಾರೂ ಇಲ್ಲ. ಹೊಲಿಗೆಯ ಒಳಗೆ ಸದ್ದಿಲ್ಲದೆ ರಕ್ತ ಸೋರಿದರೆ ಮೊದಲು ಹೇಳುವುದು ನಾಡಿ, ಆಮೇಲೆ ಬಿ.ಪಿ.

ಕಷ್ಟ ಶುರುವಾದದ್ದು ಎರಡನೆಯ ರಾತ್ರಿ. ಅತ್ತಿಗೆಗೆ ಹುಟ್ಟಾ ಎಡ ಮಗ್ಗುಲಿಗೆ ಮಲಗಿ ಅಭ್ಯಾಸ, ಈಗ ಆ ಮಗ್ಗುಲೇ ಇಲ್ಲ. ಅಂಗಾತ ಮಲಗಿದರೆ ಬೆನ್ನು ಉರಿ. ತಿರುಗಿದರೆ ನಳಿಕೆ ಎಳೆಯುತ್ತದೆ. ತಲೆಯ ಮೇಲೆ ಟ್ಯೂಬ್‌ಲೈಟು, ಹೊರಗೆ ಫೋನು, ಕಾರಿಡಾರಿನಲ್ಲಿ ಗಾಲಿ ಸರಿಯಿಲ್ಲದ ಟ್ರಾಲಿ, ಆಯಾಗಳ ಚಪ್ಪಲಿ ಸದ್ದು. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆಯಂತೆ. 30 ಡೆಸಿಬಲ್ ಎಂದರೆ ಹೆಚ್ಚುಕಡಿಮೆ ಪಿಸುಮಾತು. ನಮ್ಮ ವಾರ್ಡಿನಲ್ಲಿ ಆ ಲೆಕ್ಕ ಟ್ರಾಲಿಗೇ ಖರ್ಚಾಗಿ ಹೋಗುತ್ತಿತ್ತು.

ಆದರೆ ನಿಜ ಹೇಳಬೇಕೆಂದರೆ ಇದೆಲ್ಲ ಆಮೇಲಿನದು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅಲ್ಲವೇ? ಮನೆಯಲ್ಲಿದ್ದಾಗಲೇ, ಟ್ರಾಲಿ ಟ್ಯೂಬ್‌ಲೈಟು ಯಾವುದೂ ಇಲ್ಲದಾಗಲೇ, ಅವರ ನಿದ್ದೆ ಹೋಗಿ ಎರಡು ತಿಂಗಳಾಗಿತ್ತು.

ಮೂರನೆಯ ದಿನ ರಾತ್ರಿ ಪಾಳಿಗೆ ಹೊಸಬರೊಬ್ಬರು ಸಿಸ್ಟರ್ ಬಂದರು. ಪುತ್ತೂರಿನ ಕಡೆಯವರು, ನಡುವಯಸ್ಸು. ಅಲ್ಲಿಯವರ ಪುಸ್ತಕದಂಥ ಕನ್ನಡ. ಅವರು ಬಂದವರೇ ಬಿ.ಪಿ. ಪಟ್ಟಿ ಸುತ್ತಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ‘ಅಮ್ಮಾ, ಮನೆಯಲ್ಲಿ ನೀವು ಮಲಗುವುದು ಎಷ್ಟು ಗಂಟೆಗೆ? ಮಲಗುವ ಮೊದಲು ಎಂಥ ಮಾಡ್ತೀರಿ?’ ಎಂದು ಕೇಳಿದರು. ಅತ್ತಿಗೆಗೆ ಆಶ್ಚರ್ಯ. ಇಷ್ಟು ದಿನದಲ್ಲಿ ಅವರನ್ನು ಮೋಷನ್ ಆಯಿತಾ ಎಂದು ಕೇಳಿದವರಿದ್ದರು, ಇಂಥ ಪ್ರಶ್ನೆ ಕೇಳಿದವರಿರಲಿಲ್ಲ. ‘ಎಂಥದ್ದೂ ಇಲ್ಲ. ಅಂಗಾಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ತೇನೆ. ತಲೆ ಹತ್ತಿರ ಒಂದು ಚೊಂಬು ನೀರು ಇರಬೇಕು. ಕುಡಿಯಲಿಕ್ಕಲ್ಲ, ಸುಮ್ಮನೆ’ ಎಂದರು.

ಸಿಸ್ಟರ್ ನನ್ನ ಕಡೆ ತಿರುಗಿ, ‘ಚೊಂಬು ತಂದಿದ್ದೀರಾ?’ ಎಂದರು.

ಆ ರಾತ್ರಿ ಅವರು ಮಾಡಿದ್ದನ್ನೆಲ್ಲ ಹೇಳುತ್ತೇನೆ, ನಿಮಗೂ ಎಂದಾದರೂ ಬೇಕಾದೀತು. ಎಡಗೈಯ ಕೆಳಗೆ ಒಂದು ದಿಂಬು ಇತ್ತಲ್ಲ, ಬಲಗಡೆಗೆ ಅರ್ಧ ವಾಲಿಸಿ ಬೆನ್ನಿಗೆ ಇನ್ನೊಂದು, ಮಂಡಿಯ ಕೆಳಗೆ ಮತ್ತೊಂದು ಇಟ್ಟರು. ನಳಿಕೆಯನ್ನು ಎಳೆಯದ ಹಾಗೆ ಗೌನಿಗೆ ಪಿನ್ನು ಹಾಕಿ ಸಿಕ್ಕಿಸಿದರು. ಡಬ್ಬಿ ಖಾಲಿ ಮಾಡುವುದು, ಇಂಜೆಕ್ಷನ್, ಜ್ವರ, ಬಿ.ಪಿ. ಎಂದು ಒಂದೊಂದಕ್ಕೆ ಒಂದೊಂದು ಸಲ ಬರುವ ಬದಲು ಎಲ್ಲವನ್ನೂ ಹತ್ತು ಗಂಟೆಯೊಳಗೆ ಒಟ್ಟಿಗೆ ಮುಗಿಸಿದರು. ನೋವಿನ ಔಷಧಿಯನ್ನು ನೋವು ಏಳುವವರೆಗೆ ಕಾಯದೆ, ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ ಕೊಟ್ಟರು. ಕ್ಯಾನ್ಸರಿನ ನೋವಿಗೆ ಔಷಧಿ ಕೊಡಬೇಕಾದದ್ದು ಗಡಿಯಾರ ನೋಡಿ, ರೋಗಿ ನರಳುವುದನ್ನು ನೋಡಿ ಅಲ್ಲ ಎಂದು 1986ರಿಂದಲೇ ಇರುವ ಕ್ರಮವಂತೆ; ಆಪರೇಷನ್ನಿನ ನೋವಿಗೂ ಅದೇ ಬುದ್ಧಿ ಎಂದರು. ನಾನು ಅವಸರದಲ್ಲಿ, ‘ಒಂದು ನಿದ್ದೆ ಮಾತ್ರೆ ಕೊಟ್ಟುಬಿಡಿ ಸಿಸ್ಟರ್’ ಎಂದೆ. ‘ಕೊಡುವುದು ಬಿಡುವುದು ಡಾಕ್ಟರಿಗೆ ಸೇರಿದ್ದು. ನೋವಿನ ಔಷಧಿಯೂ ಇದೆ, ನಿದ್ದೆಯದ್ದೂ ಸೇರಿದರೆ ಉಸಿರು ನಿಧಾನ ಆಗ್ತದೆ. ಅದಕ್ಕೆ ಮೊದಲು ನಮ್ಮ ಕೈಯಲ್ಲಿ ಆಗುವುದನ್ನು ಮಾಡುವ’ ಎಂದರು. ಕೊನೆಗೆ ಹೊರಟವರು ನನ್ನನ್ನು ಬಾಗಿಲಾಚೆ ಕರೆದು ಒಂದು ಮಾತು ಹೇಳಿದರು. ‘ನೀವು ಮತ್ತು ಅವರ ಯಜಮಾನರು ಸಂಜೆ ಇಲ್ಲಿ ನಿಂತು ಗುಸುಗುಸು ಮಾತಾಡ್ತಿದ್ದಿರಿ. ಅಮ್ಮನ ಕಿವಿ ಪೂರಾ ಇಲ್ಲೇ ಇತ್ತು. ನೀವು ಪಿಸುಗುಟ್ಟುವಷ್ಟು ದಿನ ಅವರು ಮಲಗುವುದಿಲ್ಲ.’

ಎಷ್ಟೋ ದಿನದ ಮೇಲೆ ತಿಳಿಯಿತು, ಈ ಮಾತು ಹೊಸದೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ಶಾಲೆಯ ಪಾಠದ ದೀಪವೊಂದೇ ನೆನಪು. ಆಕೆ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಸದ್ದಿಗೇ ಒಂದು ಅಧ್ಯಾಯವಿದೆ. ಗಟ್ಟಿ ಸದ್ದಿಗಿಂತ ರೋಗಿಯನ್ನು ಹೆಚ್ಚು ಹಿಂಸಿಸುವುದು ಕೋಣೆಯಲ್ಲಿ, ಬಾಗಿಲ ಹೊರಗೆ ನಡೆಯುವ ಪಿಸುಮಾತು ಎನ್ನುತ್ತಾಳೆ. ತನ್ನ ಬಗ್ಗೆಯೇ ಇರಬಹುದೆಂದು ರೋಗಿ ಕಿವಿಗೊಟ್ಟು ಬಳಲುತ್ತಾನೆ. ಹೆಂಗಸರ ಲಂಗದ ಸರಬರ ಸದ್ದನ್ನೂ ಆಕೆ ಬಿಟ್ಟಿಲ್ಲ. ರೇಷ್ಮೆ ಸೀರೆ ಉಟ್ಟು ಮದುವೆ ಮನೆಯಿಂದ ನೇರ ರೋಗಿಯನ್ನು ನೋಡಲು ಬರುವ ನಮ್ಮ ನೆಂಟರನ್ನು ಕಂಡಿದ್ದರೆ ಏನು ಬರೆಯುತ್ತಿದ್ದಳೋ! ಮೊದಲ ನಿದ್ದೆಯಲ್ಲಿರುವ ರೋಗಿಯನ್ನು ಎಬ್ಬಿಸಿದರೆ ಅವನಿಗೆ ಮತ್ತೆ ನಿದ್ದೆ ಹತ್ತುವುದೇ ಕಷ್ಟ ಎಂದೂ ಅಲ್ಲಿದೆ.

ಅಂದು ರಾತ್ರಿ ಎಲ್ಲ ದಿಂಬುಗಳ ನಡುವೆ, ಚೊಂಬಿನ ಪಕ್ಕದಲ್ಲಿ, ಅತ್ತಿಗೆ ಕಣ್ಣು ಬಿಟ್ಟುಕೊಂಡೇ ಇದ್ದರು. ಹನ್ನೊಂದರ ಹೊತ್ತಿಗೆ, ‘ಏ, ಅದು ಕ್ಯಾನ್ಸರೇ ತಾನೇ?’ ಎಂದರು. ಅಣ್ಣನ ಅಪ್ಪಣೆ ನೆನಪಾಯಿತು. ಸಿಸ್ಟರ್ ಮಾತೂ ನೆನಪಾಯಿತು. ‘ಹೌದು ಅತ್ತಿಗೆ’ ಎಂದೆ. ‘ನನಗೆ ಗೊತ್ತಿತ್ತು. ನಿಮ್ಮಣ್ಣನಿಗೆ ಗೊತ್ತಾಗಬಾರದೆಂದು ನಾನೂ ಸುಮ್ಮನಿದ್ದೆ’ ಎಂದರು. ಒಬ್ಬರ ನೆಮ್ಮದಿಗೆ ಇನ್ನೊಬ್ಬರು ಎರಡು ತಿಂಗಳು ಎಚ್ಚರವಿದ್ದರು, ನೋಡಿ. ಸತ್ಯ ಹೇಳಿದ ತಕ್ಷಣ ಅವರಿಗೆ ನಿದ್ದೆ ಬಂದುಬಿಟ್ಟಿತು ಎಂದು ನಾನು ಬರೆದರೆ ಸುಳ್ಳಾದೀತು. ಅವತ್ತು ಇಬ್ಬರೂ ಬೆಳಗಿನ ತನಕ ಕೂತಿದ್ದೆವು. ಮಗಳ ಮದುವೆ, ತೋಟದ ಕೊಳೆರೋಗ, ಕತ್ತರಿಸಿದ ಎದೆ, ಎಲ್ಲದರ ಮಾತೂ ಬಂತು. ಅಳುವೂ ಬಂತು.

ಅವರು ಮಲಗಿದ್ದು ಮರುದಿನ ರಾತ್ರಿ. ಹನ್ನೆರಡೂವರೆಗೆ ಒಂದು ಗೊರಕೆ ಕೇಳಿತು. ಗೊರಕೆ ಅಷ್ಟು ಇಂಪಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎರಡು ಗಂಟೆಗೆ ಬಿ.ಪಿ. ನೋಡುವ ಹೊತ್ತು. ಸಿಸ್ಟರ್ ಟ್ರೇ ಹಿಡಿದು ಬಂದರು. ಲೈಟು ಹಾಕಲಿಲ್ಲ. ಕೈಯಲ್ಲಿದ್ದ ಸಣ್ಣ ಟಾರ್ಚನ್ನು ನೆಲಕ್ಕೆ ಹಿಡಿದು ನಿಂತರು. ಒಂದು ನಿಮಿಷ ಪೂರ್ತಿ ಅತ್ತಿಗೆಯ ಎದೆ ಏರಿಳಿಯುವುದನ್ನು ಎಣಿಸಿದರು. ಬಗ್ಗಿ ಡಬ್ಬಿಗಳನ್ನು ನೋಡಿದರು, ಎಷ್ಟು ತುಂಬಿದೆ, ಬಣ್ಣ ಏನು. ಬ್ಯಾಂಡೇಜಿನ ಅಂಚು ನೋಡಿದರು. ಹೊದಿಕೆಯ ಆಚೆ ಬಂದಿದ್ದ ಪಾದವನ್ನು ಹಿಂಗೈಯಿಂದ ಮುಟ್ಟಿ ಬೆಚ್ಚಗಿದೆಯೇ ನೋಡಿದರು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿದರು. ಅತ್ತಿಗೆ ಒಂಚೂರು ಗೊಣಗಿ ಮತ್ತೆ ಮಲಗಿದರು. ಸಿಸ್ಟರ್ ಬಿ.ಪಿ. ಪಟ್ಟಿ ಮುಟ್ಟದೆ ಹೋದರು. ಮೂರಕ್ಕೆ ಮತ್ತೆ ಬಂದರು, ನಾಲ್ಕಕ್ಕೆ ಮತ್ತೆ. ಪ್ರತಿ ಸಲವೂ ಅಷ್ಟೂ ನೋಡಿದರು. ಎಬ್ಬಿಸಿದ್ದರೆ ಎರಡು ನಿಮಿಷದ ಕೆಲಸ, ಆಮೇಲೆ ಆರರವರೆಗೆ ಬಿಡುವು. ಎಬ್ಬಿಸದೆ ಬಿಟ್ಟಿದ್ದಕ್ಕೆ ಅವರಿಗೆ ಮೂರು ಪಟ್ಟು ಕೆಲಸ.

ಬೆಳಿಗ್ಗೆ ಅವರ ಮೇಲಿನವರು ಬಂದು ಚಾರ್ಟು ನೋಡಿದರು. ಎರಡು ಗಂಟೆಯ ಸಾಲಿನಲ್ಲಿ ಉಸಿರು, ನಾಡಿ, ಡಬ್ಬಿಯ ಅಳತೆ, ‘ನಿದ್ದೆಯಲ್ಲಿದ್ದಾರೆ’ ಎಂಬ ಮಾತು, ಎಲ್ಲ ಇತ್ತು. ಬಿ.ಪಿ.ಯ ಜಾಗ ಖಾಲಿ. ನಮ್ಮೆದುರಿಗೇ ಅವರಿಗೆ ಬೈಗುಳವಾಯಿತು. ಹತ್ತು ಗಂಟೆಯ ಅಂಕಿಯನ್ನೇ ಅಲ್ಲೂ ಗೀಚಿದ್ದರೆ ಒಂದು ಮಾತೂ ಕೇಳಬೇಕಾಗಿರಲಿಲ್ಲ. ಅವರು ಸುಳ್ಳು ಬರೆಯಲಿಲ್ಲ, ನಿದ್ದೆಯನ್ನೂ ಕೆಡಿಸಲಿಲ್ಲ. ಅದಕ್ಕೆ ಆ ಖಾಲಿ ಜಾಗ. ಬೈಸಿಕೊಳ್ಳುತ್ತಾ ಒಮ್ಮೆ ನನ್ನ ಕಡೆ ನೋಡಿದರು. ‘ಇವರು ಮೂರು ಸಲ ಬಂದು ನೋಡಿದ್ದಾರೆ, ನಾನು ಕಂಡಿದ್ದೇನೆ’ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ನಮ್ಮ ಪೇಶಂಟಿಗೆ ತೊಂದರೆಯಾದೀತೆಂಬ ಹೆದರಿಕೆ ಒಂದು. ಇನ್ನೊಂದು ಇದಕ್ಕಿಂತ ಸಣ್ಣತನದ್ದು: ಒಂದು ವೇಳೆ ಆ ರಾತ್ರಿ ಅತ್ತಿಗೆಗೆ ಏನಾದರೂ ಆಗಿದ್ದರೆ, ‘ಬಿ.ಪಿ. ಯಾಕೆ ನೋಡಲಿಲ್ಲ?’ ಎಂದು ಮೊದಲು ಕೂಗಾಡುವವಳು ನಾನೇ ಎಂದು ನನಗೆ ಗೊತ್ತಿತ್ತು.

ಈ ವಿಷಯವನ್ನು ಮಂಗಳೂರಿನಲ್ಲಿ ನರ್ಸಿಂಗ್ ಪಾಠ ಮಾಡುವ ನಮ್ಮಕ್ಕನ ಮಗಳ ಹತ್ತಿರ ಹೇಳಿದೆ. ಅವಳು ಮೇಲಿನವರ ಪಕ್ಷ ವಹಿಸಿದಳು. ‘ಚಿಕ್ಕಮ್ಮ, ಆ ಸಿಸ್ಟರಿಗೆ ಇಪ್ಪತ್ತು ವರ್ಷದ ಕಣ್ಣಿದೆ. ಅವರನ್ನು ನೋಡಿ ನಿನ್ನೆ ಮೊನ್ನೆ ಬಂದ ಹುಡುಗಿ ಬಾಗಿಲಲ್ಲೇ ಇಣುಕಿ ನಿದ್ದೆಯಲ್ಲಿದ್ದಾರೆ ಎಂದು ಬರೆದು ಹೋದರೆ? ನಿಯಮ ಇರುವುದು ಆ ಹುಡುಗಿಗಾಗಿ. ಡಾಕ್ಟರಿಗೆ ಮೊದಲೇ ಹೇಳಿ, ನಿದ್ದೆಯಲ್ಲಿದ್ದರೆ ಎಬ್ಬಿಸಬೇಡಿ ಎಂದು ಬರೆಸಿಕೊಳ್ಳಬೇಕಿತ್ತು’ ಎಂದಳು. ಅದೂ ನ್ಯಾಯವೇ. ಆದರೆ ಅವಳೇ ಇನ್ನೊಂದನ್ನೂ ಹೇಳಿದಳು. ಕ್ಯಾಥರೀನ್ ಕೊಲ್ಕಾಬಾ ಎಂಬ ಅಮೆರಿಕದ ನರ್ಸೊಬ್ಬರು ಆರಾಮದ ಮೇಲೆಯೇ ಒಂದು ಸಿದ್ಧಾಂತ ಕಟ್ಟಿದ್ದಾರಂತೆ. ನೋವು ಇಳಿಯುವುದು ಒಂದು, ಮನಸ್ಸು ತಿಳಿಯಾಗಿ ಕೂರುವುದು ಒಂದು, ಕಷ್ಟವಿದ್ದರೂ ಅದನ್ನು ಮೀರಿ ನಿಲ್ಲುವುದು ಒಂದು, ಹೀಗೆ ಮೂರು ಬಗೆಯ ಆರಾಮ. ದೇಹ, ಮನಸ್ಸು, ಸುತ್ತಲಿನ ಜಾಗ, ಜೊತೆಯ ಜನ, ಎಲ್ಲ ಕಡೆಯೂ ಅದನ್ನು ನೋಡಬೇಕಂತೆ. ನನಗೆ ಥಟ್ಟನೆ ಚೊಂಬು ನೆನಪಾಯಿತು. ಪುತ್ತೂರಿನ ಆ ಸಿಸ್ಟರ್ ಕೊಲ್ಕಾಬಾರನ್ನು ಓದಿದ್ದರೋ ಇಲ್ಲವೋ. ಓದಿದವರೆಲ್ಲ ಚೊಂಬು ಕೇಳುತ್ತಾರೆಂದೂ ಇಲ್ಲ.

ನಿಯಮ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ನಾವು ರೋಗಿಗಾಗಿ ಎಂದು ಮಾಡುವುದರಲ್ಲಿ ಎಷ್ಟು ಪಾಲು ನಮ್ಮ ಸಮಾಧಾನಕ್ಕಾಗಿ ಎಂಬ ಲೆಕ್ಕ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆ ಎರಡನೆಯ ರಾತ್ರಿ ಅತ್ತಿಗೆ ಒಂದು ಗಳಿಗೆ ಜೊಂಪು ಹತ್ತಿ ಅಲುಗಾಡದೆ ಇದ್ದಾಗ ನಾನೇ ಹೆದರಿ, ‘ಅತ್ತಿಗೆ, ಅತ್ತಿಗೆ’ ಎಂದು ಭುಜ ಅಲುಗಿಸಿದ್ದೆ. ‘ಏನು ಬೇಕಾಗಿತ್ತು?’ ಎಂದು ಕೇಳಿದ್ದರು. ನನಗೆ ಬೇಕಾಗಿದ್ದು ಅವರು ಹಾಗೆ ಕೇಳುವುದಷ್ಟೇ. ಅದಕ್ಕೆ ಆ ರಾತ್ರಿಯ ನಿದ್ದೆ ಪೂರ್ತಿ ಹೋಯಿತು. ಆಸ್ಪತ್ರೆಯವರಿಗೆ ತುಂಬಿದ ಚಾರ್ಟು, ನನಗೆ ಒಂದು ಉತ್ತರ, ಅಣ್ಣನಿಗೆ ಎತ್ತದ ಶಬ್ದ. ಸಿಸ್ಟರ್ ಒಬ್ಬರು ಮಾತ್ರ ತಮ್ಮ ಹೆದರಿಕೆಯನ್ನು ಅತ್ತಿಗೆಯ ಮೇಲೆ ಹೊರಿಸದೆ ತಾವೇ ಹೊತ್ತುಕೊಂಡು ಮೂರು ಸಲ ನಡೆದರು.

ಮುಂದೆ ಕಿಮೋ ಆಯಿತು, ಕೂದಲು ಹೋಗಿ ಬಂತು. ಆಗ ಕೊಡುತ್ತಿದ್ದ ಸ್ಟಿರಾಯ್ಡ್ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿಸಿ, ಸಂಜೆಗೆ ಸರಿಸಿದರೆ ರಾತ್ರಿ ನಿದ್ದೆ ಬಾರದು ಎಂದು ಅಲ್ಲಿಯ ಸಿಸ್ಟರೊಬ್ಬರು ಹೇಳಿದಾಗ, ಕೇಳುವವರು ಇನ್ನೂ ಇದ್ದಾರೆ ಎನಿಸಿತು. ಅತ್ತಿಗೆ ಈಗ ವರ್ಷಕ್ಕೊಮ್ಮೆ ಚೆಕಪ್ಪಿಗೆ ಹೋಗುತ್ತಾರೆ. ಹಾಗೆ ಹೋಗುವ ಹಿಂದಿನ ದಿನ ನಮ್ಮನೆಯಲ್ಲಿ ಉಳಿಯುವುದು ವಾಡಿಕೆ. ಅಂದು ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಎರಡರ ಹೊತ್ತಿಗೆ ಎದ್ದು, ಲೈಟು ಹಾಕದೆ, ಅವರ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಎಣಿಸುತ್ತೇನೆ. ಕಳೆದ ಸಲ ಹನ್ನೊಂದೋ ಹನ್ನೆರಡೋ ಎಣಿಸಿರಬೇಕು, ಕತ್ತಲೆಯೊಳಗಿಂದ ದನಿ ಬಂತು:

‘ಇದ್ದೇನೆ ಮಾರಾಯ್ತಿ. ಹೋಗಿ ಮಲಗು. ಚೊಂಬಿಗೆ ನೀರು ಹಾಕಲಿಕ್ಕೆ ಮರೆತಿದ್ದೀಯ, ಅದನ್ನೊಂದು ತಂದಿಡು.’