ಹಣ ತೆತ್ತ ಅತಿಥಿಯ ಉಪಾಹಾರ

ಯಮಧರ್ಮನು ಮನೆಯಲ್ಲಿಲ್ಲದ ಮೂರು ರಾತ್ರಿಗಳನ್ನು ಅವನ ಬಾಗಿಲಿನಲ್ಲಿ ಅನ್ನಾಹಾರಗಳಿಲ್ಲದೆ ಕಳೆದ ನಚಿಕೇತನಿಗೆ, ಹಿಂದಿರುಗಿ ಬಂದ ಆ ಗೃಹಸ್ಥನು ನಮಸ್ಕರಿಸಿ, ಉಪವಾಸದ ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಡಲೊಪ್ಪಿದನೆಂದು ಕಠೋಪನಿಷತ್ತು ಹೇಳುತ್ತದೆ. ಮೃತ್ಯುವಿಗೂ ಅಂಜದ ಬಾಲಕನಿಗೆ ಆತ್ಮವಿದ್ಯೆ ದೊರೆತದ್ದು, ಹಸಿದ ಅತಿಥಿಗೆ ಸಲ್ಲಬೇಕಾಗಿದ್ದ ಪರಿಹಾರದ ರೂಪದಲ್ಲಿ! ಆದರೆ ನಚಿಕೇತನು ಬಾಡಿಗೆ ತೆತ್ತಿರಲಿಲ್ಲ. ಕೋಣೆಗೂ ಬೆಳಗಿನ ಉಪಾಹಾರಕ್ಕೂ ಕೂಡಿಯೇ ಮುಂಗಡ ಹಣ ಸಲ್ಲಿಸಿ ಪರದೇಶದ ಅಗ್ಗದ ವಸತಿಗೃಹವೊಂದರಲ್ಲಿ ಇಳಿದುಕೊಂಡವನು ಅತಿಥಿಯೋ, ಕೇವಲ ಗಿರಾಕಿಯೋ? ಅತಿಥಿಯಾದರೆ ಏನನ್ನೂ ಅಪೇಕ್ಷಿಸುವ ಹಕ್ಕು ಅವನಿಗಿಲ್ಲ. ಗಿರಾಕಿಯಾದರೆ ಕೃತಜ್ಞತೆಯ ಹಂಗು ಅವನಿಗಿಲ್ಲ.

ನಮ್ಮ ಯಲಬುರ್ಗಾ ಸೀಮೆಯ ಮಂಗಳೂರಿನಿಂದ (ಕಡಲತಡಿಯ ಮಂಗಳೂರಲ್ಲ, ಹೆಸರು ಮಾತ್ರ ಒಂದೇ) ಮಗನನ್ನೋ ಮಗಳನ್ನೋ ನೋಡಲು ಹೊರಟು, ನಡುವೆ ನಾಲ್ಕು ಊರು ಕಾಣುವ ಆಸೆಯಿಂದ ಇಂಥ ಮನೆಗಳಲ್ಲಿ ತಂಗುವ ಶಾಕಾಹಾರಿ ದಂಪತಿಗಳ ಮುಂದೆ ಬರುವುದೇನು? ಯೂರೋಪಿನ ಬಹುಭಾಗದಲ್ಲಿ ಬ್ರೆಡ್ಡು, ಚಿಕ್ಕ ಪೊಟ್ಟಣಗಳ ಬೆಣ್ಣೆ ಮತ್ತು ಜಾಮು, ತಣ್ಣನೆಯ ಹಾಲಿನಲ್ಲಿ ನೆನೆಸಿಕೊಳ್ಳುವ ಕಾರ್ನ್‌ಫ್ಲೇಕ್ಸು, ಗುಂಡಿ ಒತ್ತಿದರೆ ಯಂತ್ರ ಸುರಿಸುವ ಕಾಫಿ. ಇಂಗ್ಲೆಂಡಿನಲ್ಲಿ ಹುರಿದ ಮೊಟ್ಟೆ, ಹಂದಿಮಾಂಸದ ಬೇಕನ್ನು, ಸಾಸೇಜು, ಟೊಮೆಟೊ ರಸದಲ್ಲಿ ಬೆಂದ ಬೀನ್ಸು. ಸಿಂಗಪುರದಲ್ಲಿ ಸುಟ್ಟ ಬ್ರೆಡ್ಡಿಗೆ ಸವರುವ ಕಾಯಾ ಎಂಬ ಸಿಹಿ ಲೇಹ್ಯ, ನೋಡುವುದಕ್ಕೆ ನಿರುಪದ್ರವಿ, ಆದರೆ ಅದರಲ್ಲಿ ತೆಂಗಿನಹಾಲು ಸಕ್ಕರೆಗಳೊಡನೆ ಮೊಟ್ಟೆಯೂ ಇರುತ್ತದೆ. ಜಪಾನಿನ ಮಿಸೊ ಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ರಸ ಬೆರೆತಿರುತ್ತದೆ. ನಮ್ಮವರು ಬ್ರೆಡ್ಡಿನ ಎರಡು ಹೋಳುಗಳನ್ನು ಸುಡುವ ಯಂತ್ರಕ್ಕೆ ಇಳಿಬಿಟ್ಟು, ಅದು ಚಿಮ್ಮಿದಾಗ ಬೆಚ್ಚಿ, ಚೀಲದೊಳಗಿನ ಶೇಂಗಾ ಹಿಂಡಿಯ ಡಬ್ಬಿಯನ್ನು ಮೇಜಿನ ಮರೆಯಲ್ಲಿ ಮೆಲ್ಲನೆ ತೆರೆಯುತ್ತಾರೆ.

ಹಣ ತೆತ್ತು ಬಂದವನಿಗೆ ಏನು ಸಲ್ಲಬೇಕೆಂಬ ಪ್ರಶ್ನೆಯನ್ನು ತಿರುವಿ ನೋಡುವ ಅವಕಾಶ ನಮ್ಮ ಕೊಪ್ಪಳ ಜಿಲ್ಲೆಗೇ ಒದಗಿತ್ತು. ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆ ಬದಿಯಲ್ಲಿರುವ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ವರ್ಷಗಟ್ಟಲೆ ವಿದೇಶೀ ಪ್ರವಾಸಿಗರಿಗೆಂದು ಅಗ್ಗದ ವಸತಿಗೃಹಗಳು ನಡೆದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅವುಗಳ ವಿರುದ್ಧ ತೀರ್ಪಿತ್ತ ಮೇಲೆ ಮಾರ್ಚಿನಲ್ಲಿ ನೆಲಸಮವಾದವು. ಅಲ್ಲಿ ಬೆಳಗ್ಗೆ ಬಡಿಸುತ್ತಿದ್ದುದು ಬಾಳೆಹಣ್ಣಿನ ಪ್ಯಾನ್‌ಕೇಕು, ಮ್ಯೂಸ್ಲಿ, ಇಸ್ರೇಲಿನವರಿಗಾಗಿ ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಮೊಟ್ಟೆ. ಅನತಿದೂರದ ಗಂಗಾವತಿಯ ಹೋಟೆಲುಗಳಲ್ಲಿ ಅದೇ ಹೊತ್ತಿಗೆ ಮಂಡಕ್ಕಿ ಒಗ್ಗರಣಿಯ ಮೇಲೆ ಪುಟಾಣಿ ಹಿಟ್ಟು ಉದುರುತ್ತಿತ್ತು, ಬಾಣಲೆಯಿಂದ ಮಿರ್ಚಿ ಏಳುತ್ತಿತ್ತು. ಆ ಘಾಟು ಗಡ್ಡೆಯವರೆಗೆ ಬರಲಿಲ್ಲ. ಬಂದವನ ಅಪೇಕ್ಷೆಯನ್ನು ಅಕ್ಷರಶಃ ಪೂರೈಸಿ ಅವನಿಗೆ ಅಪಕಾರವನ್ನೇ ಮಾಡಿದರೆಂದು ನನ್ನ ಭಾವನೆ: ಏಳು ಸಮುದ್ರ ದಾಟಿ ಬಂದರೂ ಅವನು ತನ್ನ ಮನೆಯ ಅಡುಗೆಮನೆಯಿಂದ ಹೊರಬೀಳಲಿಲ್ಲ.

ಇದಕ್ಕೆ ಪ್ರತಿಯಾಗಿ ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹವನ್ನು ನೆನೆಯಿರಿ. ಸುತ್ತಲ ಹಳ್ಳಿಗಳ ತಾಯಂದಿರು ತಟ್ಟಿದ ಜೋಳದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಬಂದು ರಾಶಿ ಬೀಳುತ್ತವೆ, ಮಾದಲಿ ಬರುತ್ತದೆ, ಉಣ್ಣಲು ಕುಳಿತವನ ಊರು ಯಾವುದು, ಕುಲ ಯಾವುದು ಎಂದು ಕೇಳುವವರಿಲ್ಲ, ಹಾಗೆಯೇ ಏನು ಬೇಕೆಂದು ಕೇಳುವವರೂ ಇಲ್ಲ. ನೀಡುವವನು ನೀಡಿದೆನೆಂಬ ಅಹಂಕಾರವನ್ನು ತೊರೆಯಬೇಕೆಂಬುದು ದಾಸೋಹದ ತಿರುಳು. ಉಣ್ಣುವವನು ತೊರೆಯಬೇಕಾದುದು ತನ್ನ ರುಚಿಯ ಅಹಂಕಾರವನ್ನು.

ಹಾಗೆಂದು ವಸತಿಗೃಹದ ಮೇಜನ್ನು ದಾಸೋಹದ ಪಂಕ್ತಿಯೆಂದು ಭ್ರಮಿಸುವುದೂ ಸಲ್ಲ. ಅಲ್ಲಿ ಹಣದ ಒಪ್ಪಂದವಿದೆ. ಅದನ್ನು ಕೀಳೆಂದು ನಾನು ಎಣಿಸುವುದಿಲ್ಲ. ನಸುಕಿನಲ್ಲೆದ್ದು ಹಾಲಿನ ಹೂಜಿಗಳನ್ನು ತುಂಬಿ, ಮೇಜುಗಳನ್ನು ಒರೆಸುವ ಆ ಹೆಂಗಸು, ಬಹುಶಃ ತಾನೂ ಬೇರೊಂದು ದೇಶದಿಂದ ದುಡಿಮೆಗೆ ಬಂದವಳು, ಮಾಡುತ್ತಿರುವುದು ಕಾಯಕವೇ ಅಲ್ಲವೆ? ತಟ್ಟೆ ಶುಚಿಯಾಗಿರಬೇಕು, ಹೇಳಿದ ವೇಳೆಗೆ ಬಾಗಿಲು ತೆರೆದಿರಬೇಕು, ಪದಾರ್ಥದೊಳಗೆ ಏನಿದೆಯೆಂದು ಕೇಳಿದಾಗ ನಿಜವಾದ ಉತ್ತರ ಸಿಗಬೇಕು. ತೆತ್ತ ಹಣಕ್ಕೆ ಇಷ್ಟು ನ್ಯಾಯವಾಗಿ ಸಲ್ಲತಕ್ಕದ್ದು, ವ್ರತಸ್ಥನಿಗಂತೂ ಕೊನೆಯದು ಅತ್ಯಗತ್ಯ. ಬಿಸಿ ಉಪ್ಪಿಟ್ಟು ಅದರಲ್ಲಿ ಸೇರಿಲ್ಲ. ಕಠೋಪನಿಷತ್ತು ಆತಿಥೇಯನ ಧರ್ಮವನ್ನು ಹೇಳಿತು; ಅದೇ ಕೃಷ್ಣಯಜುರ್ವೇದಕ್ಕೆ ಸೇರಿದ ತೈತ್ತಿರೀಯದ ಭೃಗುವಲ್ಲಿಯಾದರೋ ಅನ್ನವನ್ನು ನಿಂದಿಸದಿರುವುದನ್ನು ಒಂದು ವ್ರತವೆಂದೇ ವಿಧಿಸಿತು. ತನಗೆ ನಿಷಿದ್ಧವಾದುದನ್ನು ಸದ್ದಿಲ್ಲದೆ ಬದಿಗಿಡುವುದು ಬೇರೆ, ಪಕ್ಕದ ಮೇಜಿನವನ ಊಟಕ್ಕೆ ಮೂಗು ಮುರಿಯುವುದು ಬೇರೆ. ಎರಡನೆಯದನ್ನು ನಮ್ಮವರಲ್ಲಿ ಅನೇಕರು ಆಚಾರವೆಂದು ಭಾವಿಸಿರುವುದು ವಿಷಾದದ ಸಂಗತಿ.

ಹೊರಡುವ ಮುನ್ನ, ಮೊಟ್ಟೆ ಮಾಂಸಗಳಿಲ್ಲದ ಉಪಾಹಾರ ದೊರೆಯುವುದೇ ಎಂದು ಬರೆದು ವಿಚಾರಿಸಿಕೊಳ್ಳಿರಿ. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿಯನ್ನೂ ಗುರೆಳ್ಳು ಹಿಂಡಿಯನ್ನೂ ಒಯ್ಯಲು ಸಂಕೋಚ ಬೇಡ, ಅವು ವಾರಗಟ್ಟಲೆ ಕೆಡುವುದಿಲ್ಲ. ಆದರೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಹೋಗುವವರು ಆ ದೇಶದೊಳಗೆ ಬರುವಾಗ ಸಲ್ಲಿಸಬೇಕಾದ ಘೋಷಣೆಯಲ್ಲಿ ತಿನಿಸು ತಂದಿರುವುದನ್ನು ತಪ್ಪದೆ ಕಾಣಿಸಬೇಕು. ಮರೆಮಾಚಿದರೆ ದಂಡ ತೆರಬೇಕಾಗುತ್ತದೆ.