ವ್ರತದ ಕಟ್ಟು, ಸೆರೆಯ ಕಟ್ಟು

ಅಷ್ಟಮಿಯ ದಿನ ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಉಪವಾಸ ಕೈಗೊಂಡ ಶ್ರಾವಕನಿಗೂ ಹಸಿವಾಗುತ್ತದೆ. ಅನ್ನ ತಡೆಯಲ್ಪಟ್ಟ ಸೆರೆಯಾಳಿಗೂ ಹಸಿವಾಗುತ್ತದೆ. ದೇಶವ್ರತ ಹಿಡಿದ ಕೊಪ್ಪದ ಗೃಹಸ್ಥನು ಒಂದೆಡೆ ಶೃಂಗೇರಿಯಿಂದ ಹರಿದುಬರುವ ತುಂಗೆಯನ್ನೂ ಇನ್ನೊಂದೆಡೆ ಭದ್ರೆಯನ್ನೂ ಎಲ್ಲೆಯಾಗಿ ಇರಿಸಿಕೊಂಡು ಅವುಗಳಾಚೆಗೆ ಅಡಿಯಿಡದಿರಬಹುದು; ಸೆರೆಯಾಳಿಗೂ ಗೋಡೆಯೇ ಎಲ್ಲೆ. ಹೊರನೋಟಕ್ಕೆ ಒಂದೇ ಆಗಿ ತೋರುವ ಇವುಗಳಲ್ಲಿ ಒಂದು ಧರ್ಮವೂ ಇನ್ನೊಂದು ಹಿಂಸೆಯೂ ಆಗುವುದೆಂತು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು ಮೊದಲನೆಯದು, ಅನ್ನನೀರು ತಡೆಯುವುದು ಕೊನೆಯದು. ತಾನಾಗಿ ಒಪ್ಪಿಕೊಂಡಾಗ ವ್ರತವೆನಿಸುವ ನಿಯಮವೇ ಅನ್ಯಜೀವಿಯ ಮೇಲೆ ಹೇರಲ್ಪಟ್ಟಾಗ ವ್ರತಕ್ಕೆ ಕಳಂಕವಾಗುತ್ತದೆ.

ಹಾಗಾದರೆ ಕಳ್ಳನನ್ನೂ ಕೊಲೆಗಾರನನ್ನೂ ಸೆರೆಯಲ್ಲಿಡಬಾರದೆ? ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ದಂಡವನ್ನು ಚಿಕಿತ್ಸೆಗೆ ಹೋಲಿಸಿದ್ದಾರೆ. ಪ್ರಜಾರಕ್ಷಣೆಗಾಗಿ ದೋಷಿಯನ್ನು ತಡೆಯುವುದು ರಾಜಧರ್ಮವೇ ಸರಿ. ಆದರೆ ಔಷಧಿಗೆ ಪ್ರಮಾಣವುಂಟು. ರೋಗವಿಲ್ಲದವನಿಗೆ ಅದು ವಿಷ.

ಇತಿಹಾಸದಲ್ಲಿ ಸೆರೆಮನೆಗಳು ಅನೇಕ ವೇಳೆ ಈ ಪ್ರಮಾಣವನ್ನು ಮೀರಿವೆ. ಮಲೆನಾಡನ್ನಾಳಿದ ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯನ್ನು 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು. 1767ರಲ್ಲಿ ಮರಾಠರು ಬಿಡಿಸುವವರೆಗೆ ಆಕೆಗೆ ಬಿಡುಗಡೆಯಿರಲಿಲ್ಲ. ಸಿಂಹಾಸನದಲ್ಲಿ ಕುಳಿತದ್ದರ ಹೊರತು ಆಕೆಯ ಅಪರಾಧವೇನು? 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹ ವಿಚಾರಣೆಯಿಲ್ಲದೆ ಬಂಧಿತರಾದ ನಾಯಕರಿಂದ ತುಂಬಿತು. ಆ ಹಳೆಯ ಸೆರೆಮನೆ ಇಂದು ಸ್ವಾತಂತ್ರ್ಯ ಉದ್ಯಾನ. ಆದರೂ 2022ರ ಅಂತ್ಯಕ್ಕೆ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5,73,000 ಮಂದಿಯಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು, ಎಂದರೆ ದೋಷ ಇನ್ನೂ ಸಿದ್ಧವಾಗದವರು.

ಬಂಧನವು ಬಂಧಿಸಿದವನನ್ನೂ ಬಿಡುವುದಿಲ್ಲ. ಶ್ರೇಣಿಕ ಮಹಾರಾಜನನ್ನು ಮಗನಾದ ಕುಣಿಕನೇ ಸೆರೆಯಲ್ಲಿಟ್ಟನು. ಮುಂದೆ ಪಶ್ಚಾತ್ತಾಪಗೊಂಡು ತಂದೆಯನ್ನು ಬಿಡಿಸಲು ಧಾವಿಸಿದಾಗ, ಕೊಲ್ಲಲು ಬರುತ್ತಿದ್ದಾನೆಂದೇ ಭಾವಿಸಿದ ತಂದೆ ತನ್ನ ಪ್ರಾಣವನ್ನು ತಾನೇ ನೀಗಿದನೆಂದು ಕಥೆ. ಮಗನು ಸಂಕೋಲೆಯನ್ನು ಕಡಿಯಬಹುದಾಗಿತ್ತು. ತಾನು ಕಡಿದಿದ್ದ ವಿಶ್ವಾಸವನ್ನು ಮತ್ತೆ ಬೆಸೆಯಲಾರದೆ ಹೋದನು.

ಇದು ಅರಸರ ಮಾತು, ಗೃಹಸ್ಥನಿಗೇನು ಸಂಬಂಧ ಎನ್ನುವಂತಿಲ್ಲ. ಮಲೆನಾಡಿನ ಅಡಿಕೆಯ ತೋಟಗಳಲ್ಲಿ ಗೋಡೆಯಿಲ್ಲದ ಸೆರೆಮನೆಯೊಂದಿತ್ತು. ಅದರ ಹೆಸರು ಜೀತ. ತಂದೆಯ ಸಾಲಕ್ಕೆ ಮಗನು ಒಡೆಯನ ಮನೆಯಲ್ಲಿ ದುಡಿಯುತ್ತಿದ್ದನು. 1976ರ ಶಾಸನವು ಆ ಪದ್ಧತಿಯನ್ನು ರದ್ದುಗೊಳಿಸಿತು. ಆದರೆ ಶಾಸನವು ಬರುವ ಮೊದಲೂ ಸೂತ್ರವಿತ್ತು; ಅದನ್ನು ಪಠಿಸುತ್ತಲೇ ಆಳನ್ನು ಕಟ್ಟಿಹಾಕಿದ ಮನೆಗಳಿದ್ದರೆ, ಅಲ್ಲಿ ನಡೆದ ಉಪವಾಸಗಳ ಫಲವೇನು?

ಇಂದಿಗೂ ಮುಂಗಡದ ಹಣಕ್ಕಾಗಿ ಕೂಲಿಯವನನ್ನು ಊರಿಗೆ ಹೋಗದಂತೆ ತಡೆಯುವುದು, ಮನೆಗೆಲಸದ ಹುಡುಗಿಯನ್ನು ಒಳಗಿಟ್ಟು ಬೀಗ ಹಾಕುವುದು, ಹಟ್ಟಿಯ ಕರುವಿಗೆ ಹೊತ್ತಿಗೆ ನೀರಿಡದಿರುವುದು ಇವೆಲ್ಲವೂ ಆ ಐದರೊಳಗೇ ಬರುತ್ತವೆ. ಆದುದರಿಂದ ಪಾರಣೆಗೆ ಕುಳಿತುಕೊಳ್ಳುವ ಮುನ್ನ ಶ್ರಾವಕನು ತನ್ನ ಹಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ಒಮ್ಮೆ ನೋಡಿ ಬರುವುದು ಉಚಿತ. ತನ್ನನ್ನು ಕಟ್ಟಿಕೊಳ್ಳುವವನು ಮೊದಲು ಇತರರ ಕಟ್ಟನ್ನು ಬಿಚ್ಚಿರಬೇಕು.